ಪರದೇಶದ ಪೇಟೆಯಲ್ಲಿ ನಮ್ಮ ಸಂಸಾರ

ಹೊರನಾಡಿಗೆ ಹೋಗಿ ನೆಲೆಸಿದ ಕನ್ನಡಿಗರ ಮಾತು ಬಂದಾಗ ನಮ್ಮ ಜನರು ಸಾಮಾನ್ಯವಾಗಿ ಕೇಳುವ ಪ್ರಶ್ನೆಗಳು ಎರಡು: ಸಂಬಳವೆಷ್ಟು, ಮರಳಿ ಬರುವುದೆಂದು? ಅಲ್ಲಿ ರಾಜ್ಯೋತ್ಸವವನ್ನು ಆಚರಿಸುತ್ತಾರೆಯೇ ಎಂದು ಕೇಳುವ ಅಭಿಮಾನಿಗಳೂ ಉಂಟು. ಆದರೆ ಶನಿವಾರ ಬೆಳಿಗ್ಗೆ ಅವರು ಕೈಚೀಲದಲ್ಲಿ ಏನನ್ನು ತುಂಬಿಕೊಂಡು ಮನೆಗೆ ಬರುತ್ತಾರೆಂದು ವಿಚಾರಿಸಿದವರನ್ನು ನಾವು ಕಾಣೆವು. ಮಕ್ಕಳೊಂದಿಗರಾಗಿ ಅನ್ಯ ಸಂಸ್ಕೃತಿಯ ನಡುವೆ ಬಾಳುವವರಿಗೆ ಇದಕ್ಕಿಂತ ದೊಡ್ಡ ಪ್ರಶ್ನೆಯಿಲ್ಲ. ವರ್ಷಕ್ಕೊಮ್ಮೆ ಬರುವ ಹಬ್ಬವನ್ನು ಹೇಗಾದರೂ ನಡೆಸಬಹುದು. ವಾರಕ್ಕೆರಡು ಸಲ ಅಂಗಡಿಯ ಹಲಗೆಗಳ ಮುಂದೆ ನಿಂತು, ಇದು ನಮ್ಮ ಮನೆಗೆ ಬರಲಿ, ಇದು ಬಾರದಿರಲಿ ಎಂದು ಮಕ್ಕಳ ಕಣ್ಣೆದುರಿಗೆ ನಿರ್ಣಯಿಸುವುದು ಕಠಿಣವಾದ ಕೆಲಸ. ನಾವು ಕೆಲವು ವರ್ಷ ಜರ್ಮನಿಯ ಮ್ಯೂನಿಕ್ ನಗರದಲ್ಲಿ ಸಂಸಾರ ಹೂಡಿದ್ದವರಾದುದರಿಂದ ಈ ವಿಷಯದಲ್ಲಿ ನಾಲ್ಕು ಮಾತುಗಳನ್ನು ಹೇಳಬಯಸುತ್ತೇವೆ.

ಗಣಕತಂತ್ರಜ್ಞರನ್ನು ಬರಮಾಡಿಕೊಳ್ಳಲು ಜರ್ಮನಿಯು 2000ದಲ್ಲಿ ವಿಶೇಷ ಪರವಾನಗಿಯ ಯೋಜನೆಯನ್ನು ತಂದ ಮೇಲೆ ನಮ್ಮ ತರುಣರು ಅಲ್ಲಿಗೆ ಹೆಚ್ಚಾಗಿ ಹೋಗತೊಡಗಿದರು. ಮ್ಯೂನಿಕ್ ರಾಜಧಾನಿಯಾಗಿರುವ ಬವೇರಿಯಾ ಪ್ರಾಂತಕ್ಕೂ ಕರ್ನಾಟಕಕ್ಕೂ 2007ರಿಂದ ಸಹಕಾರದ ಒಪ್ಪಂದವಿದೆ. ಹೋದವನು ಒಂಟಿಯಾಗಿದ್ದಾಗ ಹೇಗೋ ಹೊಟ್ಟೆ ಹೊರೆದುಕೊಳ್ಳುತ್ತಾನೆ; ಹೆಂಡತಿ ಮಕ್ಕಳು ಬಂದ ಮೇಲೆಯೇ ಪೇಟೆಯ ನಿಜವಾದ ಪರಿಚಯವಾಗುವುದು.

ಮೊದಲನೆಯ ಪಾಠವು ಭಾನುವಾರದ್ದು. ಆ ದಿನ ಅಂಗಡಿಗಳು ಮುಚ್ಚಿರುತ್ತವೆ. 1919ರ ವೈಮಾರ್ ಸಂವಿಧಾನದ 139ನೆಯ ವಿಧಿಯು ಭಾನುವಾರವನ್ನು ವಿಶ್ರಾಂತಿಯ ದಿನವೆಂದು ಸಾರಿತು; 1949ರ ಮೂಲಶಾಸನವು ಆ ವಿಧಿಯನ್ನು ಹಾಗೆಯೇ ತನ್ನೊಳಗೆ ಸೇರಿಸಿಕೊಂಡಿತು. ಬವೇರಿಯಾದಲ್ಲಿ ಉಳಿದ ದಿನಗಳಲ್ಲಿಯೂ ರಾತ್ರಿ 8 ಗಂಟೆಗೆ ಬಾಗಿಲು ಬೀಳುತ್ತದೆ. ಒಗ್ಗರಣೆಗೆ ಸಾಸಿವೆ ತೀರಿತೆಂದು ಓಡಿಹೋಗಿ ತರಲು ಬೀದಿಯ ತುದಿಯ ಶೆಟ್ಟರ ಅಂಗಡಿಯಿಲ್ಲ. ಚೌಕಾಶಿಯಿಲ್ಲ, ಕೊಸರಿಲ್ಲ, ಹಣ ಪಡೆಯುವವಳು ಸಾಮಾನುಗಳನ್ನು ಮಿಂಚಿನ ವೇಗದಲ್ಲಿ ತಳ್ಳುತ್ತಾಳೆ, ಕೊಂಡವನು ಅಷ್ಟೇ ವೇಗದಲ್ಲಿ ಚೀಲಕ್ಕೆ ತುಂಬಬೇಕು. ತೆಳುವಾದ ಪ್ಲಾಸ್ಟಿಕ್ ಕೈಚೀಲಗಳನ್ನು ಕೊಡಕೂಡದೆಂಬ ಕಾಯಿದೆಯು 2022ರಲ್ಲಿ ಅಲ್ಲಿ ಜಾರಿಗೆ ಬಂದಿತು. ಬಟ್ಟೆಯ ಚೀಲವಿಲ್ಲದೆ ಸಂತೆಗೆ ಹೊರಡದಿದ್ದ ನಮ್ಮ ಹಿರಿಯರಿಗೆ ಈ ಕಾಯಿದೆಯನ್ನು ಓದಿ ಹೇಳಿದ್ದರೆ ನಕ್ಕುಬಿಡುತ್ತಿದ್ದರು.

ಎರಡನೆಯ ಪಾಠ ಅಕ್ಷರಾಭ್ಯಾಸ. ಪೊಟ್ಟಣದ ಬೆನ್ನಿನ ಮೇಲಿನ ಸಣ್ಣಕ್ಷರಗಳನ್ನು ಓದಲಾರದ ತಾಯಿತಂದೆಗಳು ಮಕ್ಕಳಿಗೆ ಏನು ಉಣಿಸುತ್ತಿದ್ದೇವೆಂಬುದನ್ನೇ ಅರಿಯರು. ತೂಕದಲ್ಲಿ ಯಾವುದು ಹೆಚ್ಚೋ ಅದರ ಹೆಸರು ಮೊದಲು ಬರಬೇಕೆಂದು ಐರೋಪ್ಯ ಒಕ್ಕೂಟದ ಶಾಸನವು ವಿಧಿಸಿರುವುದು ದೊಡ್ಡ ಉಪಕಾರವೇ ಸರಿ. ‘ಶ್ಮಾಲ್ಟ್ಸ್’ ಎಂದರೆ ಸಾಮಾನ್ಯವಾಗಿ ಹಂದಿಯ ಕೊಬ್ಬು, ‘ಗೆಲಾಟೀನೆ’ ಎಂದರೆ ಪ್ರಾಣಿಗಳ ಚರ್ಮ ಮೂಳೆಗಳಿಂದ ತೆಗೆದ ಅಂಟು ಎಂಬುದನ್ನು ಸಸ್ಯಾಹಾರದ ಕುಟುಂಬದವರು ಬಂದ ತಿಂಗಳಲ್ಲಿಯೇ ಕಲಿಯುತ್ತಾರೆ. ಆದರೆ ಚೀಸಿನಲ್ಲಿ ಹಾಲನ್ನು ಒಡೆಯಿಸಲು ಹಾಕುವ ಹೆಪ್ಪಿನ ಹೆಸರನ್ನು ಅಚ್ಚುಹಾಕಬೇಕೆಂಬ ಕಡ್ಡಾಯವಿಲ್ಲ. ಇಟಲಿಯ ಪ್ರಸಿದ್ಧವಾದ ಪಾರ್ಮೆಸಾನ್ ಚೀಸಿಗಂತೂ ಕರುವಿನ ಹೊಟ್ಟೆಯಿಂದ ತೆಗೆದ ಹೆಪ್ಪೇ ಆಗಬೇಕೆಂಬ ಕಟ್ಟಳೆಯಿದೆ. ಹಾಲಿನದೇ ತಾನೆ ಎಂದು ನಂಬಿ ಕೊಳ್ಳುವವರಿಗೆ ಇದು ತಿಳಿಯುವುದು ಹೇಗೆ?

ಅಲ್ಲಿನ ಶಾಲೆಗೆ ಹೋಗುವ ಮಕ್ಕಳು ಬಹುಬೇಗ ಈ ಓದಿನಲ್ಲಿ ಹಿರಿಯರನ್ನು ಮೀರಿಸುತ್ತಾರೆ. ಏಳು ವರ್ಷದ ಹುಡುಗಿಯು ಪೊಟ್ಟಣವನ್ನೋದಿ ಅರ್ಥ ಹೇಳುವುದು, ತಾಯಿ ಅದನ್ನು ನಂಬಿ ಕೊಳ್ಳುವುದು! ಯಾವುದು ತಕ್ಕುದು, ಯಾವುದು ತಗದು ಎಂದು ಹೇಳುವ ಅಧಿಕಾರವು ಅಲ್ಲಿ ನಿಶ್ಶಬ್ದವಾಗಿ ಒಂದು ತಲೆಮಾರಿನಿಂದ ಇನ್ನೊಂದಕ್ಕೆ ಜಾರುತ್ತದೆ. ಇದನ್ನು ಕಂಡು ಹೆಮ್ಮೆಪಡಬೇಕೋ ಮರುಗಬೇಕೋ ಎಂಬುದು ನಮಗೆ ಈಗಲೂ ಬಗೆಹರಿದಿಲ್ಲ.

ಇನ್ನೂ ಸೂಕ್ಷ್ಮವಾದುದೊಂದಿದೆ. 1922ರಲ್ಲಿ ಬಾನ್ ನಗರದ ಮಿಠಾಯಿಗಾರನೊಬ್ಬನು ಕರಡಿಯ ಆಕಾರದ ಅಂಟುಮಿಠಾಯಿಯನ್ನು ಹುಟ್ಟಿಸಿದನು. ಇಂದು ಆ ಕರಡಿಯಿಲ್ಲದೆ ಮಕ್ಕಳ ಹುಟ್ಟುಹಬ್ಬವು ಪೂರ್ತಿಯಾಗದು. ಅದರೊಳಗಿನ ಅಂಟು ಬಹುಮಟ್ಟಿಗೆ ಹಂದಿಯದು. ಮಾಂಸ ಮಾರುವ ಕಟ್ಟೆಯ ಹಿಂದಿನ ಹೆಂಗಸು ಗಿರಾಕಿಯ ಮಗುವಿಗೆ ಒಂದು ಹೋಳು ಸಾಸೇಜನ್ನು ನಗುನಗುತ್ತ ನೀಡುವುದು ಆ ನಾಡಿನ ಹಳೆಯ ವಾಡಿಕೆ. ನಮ್ಮ ಅಂಗಡಿಯವರು ಮಗುವಿನ ಕೈಗೆ ಬೆಲ್ಲದ ಚೂರು ಕೊಡುತ್ತಿದ್ದಂತೆ. ನಾವು ಬೇಡವೆಂದಾಗ ಆಕೆಯ ಮುಖ ಬಾಡಿತು. ಹೊರಗೆ ಬಂದ ಮೇಲೆ ಮಗುವು, “ಅಮ್ಮಾ, ಅವರು ಪ್ರೀತಿಯಿಂದ ಕೊಟ್ಟರಲ್ಲವೇ?” ಎಂದು ಕೇಳಿತು. ಇದಕ್ಕೆ ಶಾಸ್ತ್ರದ ಉತ್ತರವು ಸಾಲದು. ಮುಂದಿನ ವಾರ ಆ ಹೆಂಗಸಿಗೆ ವಿಷಯವನ್ನು ತಿಳಿಸಿ ಹೇಳಿದೆವು. ಅಂದಿನಿಂದ ಆಕೆ ಮಗುವಿಗಾಗಿ ರೊಟ್ಟಿಯ ತುಂಡೊಂದನ್ನು ತೆಗೆದಿಡುತ್ತಿದ್ದಳು. ಕನ್ನಡಿಗರೆಲ್ಲರೂ ಸಸ್ಯಾಹಾರಿಗಳಲ್ಲವೆಂಬುದನ್ನು ನಾವು ಬಲ್ಲೆವು. ಮಾಂಸಾಹಾರಿಗಳ ಪಾಡೂ ಸುಲಭವಲ್ಲ: ಕುರಿಯ ಮಾಂಸವನ್ನು ಹುಡುಕಿಕೊಂಡು ಅವರು ತುರ್ಕರ ಅಂಗಡಿಗೇ ಹೋಗಬೇಕು.

ತುರ್ಕರ ಅಂಗಡಿ ಎಂದೆವು. ಪರದೇಶದಲ್ಲಿ ನಮ್ಮ ಒಲೆ ಉರಿಯುವುದು ನಮಗಿಂತ ಮೊದಲು ಬಂದ ಪರದೇಶಿಗಳ ಪರಿಶ್ರಮದಿಂದ. 1961ರ ಅಕ್ಟೋಬರಿನಲ್ಲಿ ಆದ ಒಪ್ಪಂದದಂತೆ ತುರ್ಕಿಯಿಂದ ಕೂಲಿಗಳಾಗಿ ಬಂದವರು, ಕ್ರಮೇಣ ಕುಟುಂಬಗಳನ್ನು ಕರೆಸಿಕೊಂಡು, ತಮ್ಮವರಿಗಾಗಿ ಕಾಯಿಪಲ್ಯದ ಅಂಗಡಿಗಳನ್ನು ತೆರೆದರು. ಬದನೆ, ಬೆಂಡೆ, ಪುದೀನ, ಮಸೂರಿಬೇಳೆ ನಮಗೆ ಅಲ್ಲಿ ದೊರೆಯುತ್ತವೆ. ಜರ್ಮನರ ಅಂಗಡಿಯಲ್ಲಿ ಕೊತ್ತಂಬರಿಯಂತೆಯೇ ಕಂಡು ಹೊಸಬರನ್ನು ಮೋಸಗೊಳಿಸುವ ಪೀಟರ್ಸೀಲಿಯೆ ಸೊಪ್ಪಿನ ಪಕ್ಕದಲ್ಲಿಯೇ ನಿಜವಾದ ಕೊತ್ತಂಬರಿಯ ಕಟ್ಟೂ ಇರುತ್ತದೆ. ಮುದುಕ ಅಂಗಡಿಕಾರನು ಒಮ್ಮೊಮ್ಮೆ ಒಂದು ನಿಂಬೆಹಣ್ಣನ್ನು ಕೊಸರಾಗಿ ಹಾಕುವುದೂ ಉಂಟು. 1983ರ ಗಲಭೆಯ ತರುವಾಯ ಸಿಂಹಳದಿಂದ ನಿರಾಶ್ರಿತರಾಗಿ ಬಂದ ತಮಿಳರ ಅಂಗಡಿಗಳಲ್ಲಿ ಕರಿಬೇವು, ನುಗ್ಗೆ, ತೆಂಗು ಸಿಕ್ಕುತ್ತವೆ. ಊರಿನಲ್ಲಿದ್ದಾಗ ನೀರಿಗಾಗಿ ತಮಿಳರೊಡನೆ ವಾದಿಸುವ ನಮ್ಮ ಸೋದರರು ಅಲ್ಲಿ ಒಂದು ಎಸಳು ಕರಿಬೇವಿಗಾಗಿ ಅವರ ಬಾಗಿಲಲ್ಲಿ ಕೃತಜ್ಞರಾಗಿ ನಿಲ್ಲುವುದನ್ನು ನೋಡಿದ್ದೇವೆ.

ಊರಿನಿಂದಲೇ ಎಲ್ಲವನ್ನೂ ಹೊತ್ತು ತರೋಣವೆಂದರೆ ಕಾಯಿದೆ ಬಿಡದು. ಹಾಲಿನ ಪದಾರ್ಥಗಳನ್ನು ಪ್ರಯಾಣಿಕರು ಐರೋಪ್ಯ ಒಕ್ಕೂಟದೊಳಕ್ಕೆ ತರಕೂಡದು. ಅಜ್ಜಿ ಕಾಸಿಕೊಟ್ಟ ತುಪ್ಪವೂ ಧಾರವಾಡದ ಪೇಢೆಯೂ ಗಡಿಯಲ್ಲಿಯೇ ನಿಲ್ಲಬೇಕು. 2019ರ ಡಿಸೆಂಬರಿನಿಂದ ಹಸಿ ಸೊಪ್ಪು ಹಣ್ಣುಗಳಿಗೆ ರೋಗವಿಲ್ಲವೆಂಬ ಪ್ರಮಾಣಪತ್ರವು ಬೇಕು. ತೆಂಗು, ಬಾಳೆ, ಅನಾನಸು, ಖರ್ಜೂರ, ಡೂರಿಯನ್‌ಗಳಿಗೆ ಮಾತ್ರ ವಿನಾಯಿತಿ. ತೆಂಗಿನಕಾಯಿ ದಾಟಬಹುದು, ಕರಿಬೇವು ದಾಟದು. ನಮ್ಮ ದೇಶದ ಕಡೆಯಿಂದಲೂ ಬಾಗಿಲು ಮುಚ್ಚುವುದುಂಟು. 2023ರ ಜುಲೈ 20ರಂದು ಭಾರತ ಸರಕಾರವು ಬಾಸ್ಮತಿಯಲ್ಲದ ಬಿಳಿ ಅಕ್ಕಿಯ ರಫ್ತನ್ನು ನಿಷೇಧಿಸಿದಾಗ ಸೋನಾ ಮಸೂರಿಯನ್ನೇ ನೆಚ್ಚಿದ ಸಂಸಾರಗಳು ಗಾಬರಿಗೊಂಡವು. ಅಮೆರಿಕದಲ್ಲಿ ಜನರು ಸಾಲುಗಟ್ಟಿ ನಿಂತು ಮೂಟೆಗಳನ್ನು ಹೊತ್ತೊಯ್ದರು. 2024ರ ಸೆಪ್ಟೆಂಬರಿನಲ್ಲಿ ನಿಷೇಧವು ತೆರವಾಯಿತು. ದೇಶದೊಳಗಿನ ಬಡವನ ತಟ್ಟೆಯು ಮೊದಲು ತುಂಬಬೇಕೆಂಬ ನೀತಿಯನ್ನು ನಾವು ಆಕ್ಷೇಪಿಸುವುದಿಲ್ಲ. ಆದರೆ ಹೊರಗಿದ್ದುಕೊಂಡು ಊರಿನ ಅಕ್ಕಿಯ ಮೇಲೆ ಸಂಸಾರದ ನೆಮ್ಮದಿಯನ್ನೆಲ್ಲ ಕಟ್ಟಿಕೊಂಡವರು ಅಂದು ಅದರ ಬೆಲೆ ತೆತ್ತರು.

ಆದುದರಿಂದ ನಮ್ಮ ಅಭಿಪ್ರಾಯವು ಇಷ್ಟು: ಆ ಮಣ್ಣಿನ ಬೆಳೆಯನ್ನು ಕೊಳ್ಳಬೇಕು, ನಮ್ಮ ಕೈಯಿಂದ ಅಡಿಗೆ ಮಾಡಬೇಕು. ನಾವು ನವಿಲುಕೋಸೆನ್ನುವ ತರಕಾರಿಯು ಅವರ ಕೋಲ್‌ರಾಬಿಯೇ. ವಸಂತದಲ್ಲಿ ಅಲ್ಲಿನ ಎಳೆಯ ಕೋಸಿನ ಹುಳಿಯನ್ನು ಉಂಡವರು ಬೆಂಗಳೂರಿನದನ್ನು ಬಯಸಲಾರರು. ಎಳೆಯ ಕೂಸುಗಳಿಗೆ ಅವರು ‘ಹಿರ್ಸೆ’ಯ ಗಂಜಿಯನ್ನು ಉಣಿಸುತ್ತಾರೆ. ಅದು ಮತ್ತಾವುದೂ ಅಲ್ಲ, ನಮ್ಮ ಬರಗು! ನಮ್ಮ ಹೊಲಗಳಿಂದ ಬಹುಮಟ್ಟಿಗೆ ಮರೆಯಾದ ಧಾನ್ಯವು ಅಲ್ಲಿನ ಅಂಗಡಿಯಲ್ಲಿ ಗೌರವದಿಂದ ಕುಳಿತಿದೆ. ಚಳಿಗಾಲದಲ್ಲಿ ಮೊಸರು ಹೆಪ್ಪುಗಟ್ಟಲು ಪಾತ್ರೆಯನ್ನು ಬಿಸಿನೀರಿನ ಕೊಳವೆಯ ಮಗ್ಗುಲಲ್ಲಿ ರಾತ್ರಿಯಿಡೀ ಇಟ್ಟರಾಯಿತು. ಈ ಭಾರವೆಲ್ಲ ಗೃಹಿಣಿಯೊಬ್ಬಳ ಮೇಲೆಯೇ ಬೀಳಬೇಕಾಗಿಲ್ಲ. ಚೀಲ ಹೊರುವ ಗಂಡನು ಪಟ್ಟಿಯನ್ನೂ ಬರೆಯಲಿ.

ಆ ಪಟ್ಟಿಯನ್ನು ಕನ್ನಡದಲ್ಲಿ ಬರೆಯಲಿ ಎಂಬುದು ನಮ್ಮ ವಿಶೇಷ ಬಿನ್ನಹ. ಕೊತ್ತಂಬರಿಯನ್ನು ‘ಕೊರಿಯಾಂಡರ್’ ಎಂದೂ ಅರಿಸಿನವನ್ನು ‘ಕುರ್ಕುಮಾ’ ಎಂದೂ ಮಾತ್ರ ಬಲ್ಲ ಮಕ್ಕಳು ನಮ್ಮಲ್ಲಿ ಬೆಳೆಯುತ್ತಿದ್ದಾರೆ. ವಾರಕ್ಕೊಮ್ಮೆ ನಡೆಯುವ ಕನ್ನಡದ ಪಾಠಕ್ಕಿಂತ ಈ ಚೀಟಿಯು ಅವರಿಗೆ ಹೆಚ್ಚು ಕಲಿಸುತ್ತದೆ. ಅದರಲ್ಲಿನ ಪ್ರತಿಯೊಂದು ಶಬ್ದವನ್ನು ಅವರು ಮುಟ್ಟಿ, ಮೂಸಿ, ತೂಗಿ ನೋಡುತ್ತಾರೆ. ಜರ್ಮನಿಯಿಂದ ನಮ್ಮ ನಾಡಿಗೆ ಬಂದ ಕಿಟ್ಟೆಲ್ ಮಹಾಶಯರು ಕನ್ನಡದ ಶಬ್ದಗಳನ್ನು ಕೂಡಿಸಿ 1894ರಲ್ಲಿ ನಿಘಂಟನ್ನು ಅಚ್ಚುಮಾಡಿಸಿದರು. ಅವರ ನಾಡಿಗೆ ಹೋದ ನಾವು ಅಡಿಗೆಮನೆಯ ನೂರು ಶಬ್ದಗಳನ್ನಾದರೂ ಉಳಿಸಿಕೊಳ್ಳಲಾರೆವೇ?

ಇದರಲ್ಲಿ ನಮ್ಮ ವರ್ತಕರ ಪಾಲೂ ಇದೆ. ಭಾರತದಲ್ಲಿ ರಾಗಿಯನ್ನು ಅತಿ ಹೆಚ್ಚಾಗಿ ಬೆಳೆಯುವ ಪ್ರಾಂತ ಕರ್ನಾಟಕ. ಮ್ಯೂನಿಕ್ಕಿನ ಅಂಗಡಿಗಳಲ್ಲಿ ನಾವು ಕೊಂಡ ರಾಗಿಹಿಟ್ಟಿನ ಪೊಟ್ಟಣಗಳಲ್ಲಿ ಇಂಗ್ಲಿಷು ಇತ್ತು, ಜರ್ಮನ್ ಚೀಟಿ ಅಂಟಿತ್ತು, ಕೆಲವೆಡೆ ಹಿಂದಿಯೂ ಇತ್ತು. ಕನ್ನಡದ ಒಂದಕ್ಷರವೂ ಇರಲಿಲ್ಲ. ಮಾರುವ ದೇಶದ ಭಾಷೆಯು ಇರಲೇಬೇಕೆಂದು ಅಲ್ಲಿನ ಶಾಸನವು ಹೇಳುತ್ತದೆ. ಬೇರೆ ಭಾಷೆಗಳೂ ಜೊತೆಗಿರುವುದನ್ನು ಅದು ತಡೆಯುವುದಿಲ್ಲ. ‘ರಾಗಿಹಿಟ್ಟು’ ಎಂಬ ನಾಲ್ಕಕ್ಷರಗಳನ್ನು ಕನ್ನಡದಲ್ಲಿ ಅಚ್ಚುಹಾಕಿಸಲು ನಮ್ಮ ವ್ಯಾಪಾರಿಗಳಿಗೆ ಎಷ್ಟು ಖರ್ಚು ಬಿದ್ದೀತು?