ನಿಮಗಿದು ಗೊತ್ತೆ? ಊತ ಕಣ್ಣುರೆಪ್ಪೆಯಲ್ಲಿ, ಮೂಲ ಸೈನಸ್‌ನಲ್ಲಿ!

ಕಣ್ಣುರೆಪ್ಪೆ ಊದಿ ನೋಯುತ್ತಿದ್ದರೆ ತೊಂದರೆ ಕಣ್ಣಿನದ್ದೇ ಆಗಿರಬೇಕಿಲ್ಲ. ಮೂಗಿನ ಪಕ್ಕದ ಸೈನಸ್‌ಗೂ ಕಣ್ಣುಗೂಡಿಗೂ ನಡುವಿನ ಮೂಳೆ ಕಾಗದದಷ್ಟು ತೆಳು. ಅರ್ಧ ಮಿಲಿಮೀಟರ್ ದಪ್ಪವೂ ಇಲ್ಲ! ನೆಗಡಿಯ ಬೆನ್ನಿಗೆ ಸೈನಸ್‌ನಲ್ಲಿ ಬೆಳೆದ ಸೋಂಕು ಅದನ್ನು ದಾಟಿ ಕಣ್ಣುಗುಡ್ಡೆಯ ಹಿಂದಕ್ಕೆ ಹರಡಬಲ್ಲದು. ಮಕ್ಕಳಲ್ಲಿ ಇದು ಹೆಚ್ಚು.

ಆದರೆ ಎಷ್ಟೋ ಸಲ ಊತ ಬರೀ ಕಣ್ಣುಕುರು, ಹೆದರಬೇಕಿಲ್ಲ. ರೆಪ್ಪೆಗೂದಲ ಬುಡದ ಗ್ರಂಥಿಗೆ ಬ್ಯಾಕ್ಟೀರಿಯಾ ತಗಲಿರುತ್ತದೆ. ಬೆಚ್ಚನೆಯ ಒದ್ದೆಬಟ್ಟೆಯ ಶಾಖ ಕೊಟ್ಟರೆ ಸಾಮಾನ್ಯವಾಗಿ ಒಂದೆರಡು ವಾರದಲ್ಲಿ ಇಳಿಯುತ್ತದೆ. ಹಿಚುಕಲೇಬೇಡಿ.

ಎರಡರ ವ್ಯತ್ಯಾಸ ಹೇಳುವುದು ಕಣ್ಣಿನ ಚಲನೆ. ವೈದ್ಯರು ಊದಿದ ರೆಪ್ಪೆಯನ್ನು ಮೆಲ್ಲನೆ ಎತ್ತಿ, ‘ಮೇಲೆ ನೋಡಿ, ಕೆಳಗೆ ನೋಡಿ, ಪಕ್ಕಕ್ಕೆ ನೋಡಿ’ ಎನ್ನುವುದು ಅದಕ್ಕೇ. ಗುಡ್ಡೆ ಹೊರಳಿಸಿದರೆ ನೋವು, ಗುಡ್ಡೆ ಮುಂದಕ್ಕೆ ಉಬ್ಬಿರುವುದು, ಒಂದು ವಸ್ತು ಎರಡಾಗಿ ಕಾಣುವುದು, ಮಂಜಾದ ದೃಷ್ಟಿ, ಜೊತೆಗೆ ಜ್ವರ. ಇವುಗಳಲ್ಲಿ ಯಾವುದು ಕಂಡರೂ ಸೋಂಕು ಒಳಗಿಳಿದಿರುವ ಶಂಕೆ, ಸಿ.ಟಿ. ಸ್ಕ್ಯಾನ್ ಬೇಕಾಗಬಹುದು. ತಡವಾದರೆ ದೃಷ್ಟಿಯೇ ಹೋದೀತು. ಮಗುವಿನಲ್ಲಿ ಈ ಲಕ್ಷಣ ಕಂಡರೆ ಬೆಳಗಾಗಲಿ ಎಂದು ಕಾಯದೆ ಆಗಲೇ ಆಸ್ಪತ್ರೆಗೆ ಕರೆದೊಯ್ಯಿರಿ.