ಗುಂಡಿನ ಸದ್ದು ನಿಂತರೆ ಸಾಕಾ? ಶ್ರೀಲಂಕಾದ 2002ರ ಕದನ ವಿರಾಮ ನಮಗೆ ಹೇಳುವುದೇನು

ಫೋನಿನಲ್ಲಿ ‘ಕದನ ವಿರಾಮ ಘೋಷಣೆ’ ಅಂತ ನೋಟಿಫಿಕೇಷನ್ ಬಂದ ದಿನ ಕ್ಯಾಂಟೀನ್ ಟೇಬಲ್ ಎರಡು ಭಾಗ ಆಗುತ್ತೆ. ಅರ್ಧ ಜನ ‘ಸದ್ಯ, ಮುಗೀತಲ್ಲ’ ಅಂತಾರೆ. ಇನ್ನರ್ಧ ಜನ ‘ಒಂದು ವಾರ ನೋಡು, ಮತ್ತೆ ಶುರು’ ಅಂತಾರೆ. ಯಾವ ದೇಶದ ಯುದ್ಧ ಅನ್ನೋದು ಬದಲಾಗುತ್ತೆ, ಈ ಎರಡು ಮಾತು ಮಾತ್ರ ಬದಲಾಗಲ್ಲ. ಹಾಗಾದರೆ ಯುದ್ಧದ ಒಳಗೇ ಬದುಕುತ್ತಿರುವ ಜನ ಅಂಥ ದಿನ ಏನು ಅಂದುಕೊಳ್ಳುತ್ತಾರೆ? ಅವರ ಆಸೆ ಯಾವುದರ ಮೇಲೆ ನಿಂತಿರುತ್ತೆ, ಅನುಮಾನ ಎಲ್ಲಿಂದ ಬರುತ್ತೆ? ಇದನ್ನು ತಿಳಿಯೋಕೆ ನಾವು ಈ ಸಲ ಒಂದು ಹಳೆಯ ಕೇಸ್ ತಗೊಂಡಿದ್ದೇವೆ: ಶ್ರೀಲಂಕಾ ಸರ್ಕಾರ ಮತ್ತು ಎಲ್‌ಟಿಟಿಇ ನಡುವಿನ 2002ರ ಕದನ ವಿರಾಮ. ಅದು ಹುಟ್ಟಿದ್ದು, ಕುಂಟಿದ್ದು, ಸತ್ತದ್ದು ಎಲ್ಲವೂ ದಾಖಲೆಯಲ್ಲಿದೆ. ಅಂದ್ರೆ ಸಿಸ್ಟಮ್ ಫೇಲ್ ಆದ ಮೇಲೆ ಪೂರ್ತಿ ಲಾಗ್ ಕೂತು ಓದಬಹುದು.

ಇನ್ನೊಂದು ಕಾರಣವೂ ಇದೆ. ಆ ಯುದ್ಧ ನಮ್ಮಿಂದ ತುಂಬಾ ದೂರದ್ದೇನಲ್ಲ. ಹಸಿರು ಮಾರ್ಗದ ಮೆಟ್ರೊದಲ್ಲಿ ಬರುವವರಿಗೆ ಕೋಣನಕುಂಟೆ ಕ್ರಾಸ್ ಸ್ಟೇಷನ್ ಗೊತ್ತಿರುತ್ತೆ. ರಾಜೀವ್ ಗಾಂಧಿಯವರ ಹತ್ಯೆಯ ಮುಖ್ಯ ಆರೋಪಿ ಶಿವರಾಸನ್ ಮತ್ತು ಅವನ ಸಂಗಡಿಗರು 1991ರ ಆಗಸ್ಟ್‌ನಲ್ಲಿ ಸತ್ತು ಬಿದ್ದದ್ದು ಇದೇ ಕೋಣನಕುಂಟೆಯ ಒಂದು ಮನೆಯಲ್ಲಿ. ಜಾಫ್ನಾದ ಯುದ್ಧ ಬೆಂಗಳೂರಿನ ಹೊರವಲಯದವರೆಗೂ ಬಂದು ಹೋಗಿತ್ತು.

ನಾಲ್ಕು ಸಲ ಮುರಿದ ಮಾತು

ಹಿನ್ನೆಲೆ ಚಿಕ್ಕದಾಗಿ ಹೇಳಿಬಿಡ್ತೀವಿ. ಸ್ವಾತಂತ್ರ್ಯದ ನಂತರ ಭಾಷೆ, ಉದ್ಯೋಗ, ವಿಶ್ವವಿದ್ಯಾಲಯದ ಸೀಟು, ಜಮೀನು ಇವುಗಳ ಸುತ್ತ ಸಿಂಹಳ ಬಹುಸಂಖ್ಯಾತರ ಸರ್ಕಾರಗಳಿಗೂ ತಮಿಳರಿಗೂ ಜಗಳ ಬೆಳೆಯುತ್ತಾ ಹೋಯಿತು. 1983ರ ಜುಲೈನಲ್ಲಿ ಎಲ್‌ಟಿಟಿಇ ಜಾಫ್ನಾದಲ್ಲಿ 13 ಸೈನಿಕರನ್ನು ಕೊಂದಿತು. ಅದರ ಬೆನ್ನಿಗೇ ಕೊಲಂಬೊ ಮತ್ತಿತರ ಕಡೆ ತಮಿಳರ ಮೇಲೆ ಭೀಕರ ಹಿಂಸಾಚಾರ ನಡೆಯಿತು. ಅಲ್ಲಿಂದ ಶುರುವಾದ ಯುದ್ಧ ಮುಗಿದದ್ದು 2009ರಲ್ಲಿ.

ಈ 26 ವರ್ಷಗಳಲ್ಲಿ ಬಂದೂಕು ಕೆಳಗಿಟ್ಟದ್ದು 2002ರಲ್ಲೇ ಮೊದಲಲ್ಲ. 1985ರಲ್ಲಿ ಥಿಂಪು ಮಾತುಕತೆಯ ಹೊತ್ತಿಗೆ ಒಂದು ವಿರಾಮ ಇತ್ತು, ಮುರೀತು. 1987ರಲ್ಲಿ ಭಾರತ-ಶ್ರೀಲಂಕಾ ಒಪ್ಪಂದ ಆಯಿತು. ಕೆಲವೇ ತಿಂಗಳಲ್ಲಿ ಶಾಂತಿ ಕಾಯೋಕೆ ಹೋದ ಭಾರತದ ಸೇನೆಯೇ ಎಲ್‌ಟಿಟಿಇ ಜೊತೆ ಯುದ್ಧಕ್ಕಿಳಿಯಬೇಕಾಯಿತು. ನಮ್ಮ ಸುಮಾರು 1,200 ಸೈನಿಕರು ಅಲ್ಲಿ ಸತ್ತರು. 1989ರಲ್ಲಿ ಪ್ರೇಮದಾಸ ಸರ್ಕಾರ ಶುರು ಮಾಡಿದ ಮಾತುಕತೆ 1990ರ ಜೂನ್‌ನಲ್ಲಿ ಮತ್ತೆ ಯುದ್ಧದಲ್ಲಿ ಕೊನೆಯಾಯಿತು. 1995ರ ಜನವರಿಯಲ್ಲಿ ಚಂದ್ರಿಕಾ ಕುಮಾರತುಂಗ ಸರ್ಕಾರ ಮಾಡಿಕೊಂಡ ವಿರಾಮವನ್ನು ಏಪ್ರಿಲ್‌ನಲ್ಲಿ ತ್ರಿಂಕೋಮಲೆಯ ನೌಕಾ ದೋಣಿಗಳನ್ನು ಸ್ಫೋಟಿಸಿ ಎಲ್‌ಟಿಟಿಇ ಮುಗಿಸಿತು.

ಪ್ರಾಬಬಿಲಿಟಿ ಕ್ಲಾಸಿನ ಭಾಷೆಯಲ್ಲಿ ಹೇಳೋದಾದರೆ, 2002ರಲ್ಲಿ ಜನರ ಪ್ರಯರ್ ಇದು. ನಾಲ್ಕು ಸಲ ಟಾಸ್ ಹಾಕಿ ನಾಲ್ಕೂ ಸಲ ಸೋತವನು ಐದನೇ ಸಲ ‘ನೋಡೋಣ’ ಅಂತ ಹಿಂಜರಿದರೆ ಅದನ್ನು ನಿರಾಶಾವಾದ ಅನ್ನೋಕಾಗಲ್ಲ. ಅದು ಲೆಕ್ಕಾಚಾರ.

ಆಸೆ ಅಂದ್ರೆ ಒಂದು ರಸ್ತೆ

2001ರ ಜುಲೈನಲ್ಲಿ ಎಲ್‌ಟಿಟಿಇ ಕಟುನಾಯಕೆ ವಿಮಾನ ನಿಲ್ದಾಣದ ಮೇಲೆ ದಾಳಿ ಮಾಡಿತು. ಆ ವರ್ಷ ಸ್ವಾತಂತ್ರ್ಯಾನಂತರ ಮೊದಲ ಸಲ ಶ್ರೀಲಂಕಾದ ಆರ್ಥಿಕತೆ ಬೆಳೆಯುವ ಬದಲು ಕುಗ್ಗಿತು. ಎರಡೂ ಕಡೆ ದಣಿವಿತ್ತು. ಡಿಸೆಂಬರ್ ಚುನಾವಣೆಯಲ್ಲಿ ಮಾತುಕತೆಯ ಭರವಸೆ ಕೊಟ್ಟ ರನಿಲ್ ವಿಕ್ರಮಸಿಂಘೆ ಗೆದ್ದರು. ನಾರ್ವೆಯ ಮಧ್ಯಸ್ಥಿಕೆಯಲ್ಲಿ 2002ರ ಫೆಬ್ರುವರಿ 23ರಂದು ಕದನ ವಿರಾಮ ಒಪ್ಪಂದ ಜಾರಿಗೆ ಬಂತು.

ಜನಸಾಮಾನ್ಯರಿಗೆ ಅದರ ಅರ್ಥ ಕಾಗದದಲ್ಲಿ ಸಿಗಲಿಲ್ಲ, ಎ-9 ರಸ್ತೆಯಲ್ಲಿ ಸಿಕ್ಕಿತು. ಕ್ಯಾಂಡಿಯಿಂದ ಜಾಫ್ನಾಕ್ಕೆ ಹೋಗುವ, 300 ಕಿಲೋಮೀಟರಿಗೂ ಉದ್ದದ ಹೆದ್ದಾರಿ ಅದು. ಯುದ್ಧದಿಂದ ಮುಚ್ಚಿಹೋಗಿ ವರ್ಷಗಳೇ ಆಗಿದ್ದವು. ಜಾಫ್ನಾ ತಲುಪಬೇಕು ಅಂದ್ರೆ ಹಡಗು ಇಲ್ಲವೇ ವಿಮಾನ. ನಡುವಿನ ವನ್ನಿ ಪ್ರದೇಶ ಎಲ್‌ಟಿಟಿಇ ಕೈಯಲ್ಲಿತ್ತು. ಅಲ್ಲಿಗೆ ಸಿಮೆಂಟು, ಇಂಧನ, ಯೂರಿಯಾ, ಟಾರ್ಚಿನ ಬ್ಯಾಟರಿಯನ್ನೂ ಸರ್ಕಾರ ಸಲೀಸಾಗಿ ಬಿಡ್ತಿರಲಿಲ್ಲ. ಶೆಲ್ ಬದಲಾಯಿಸದೆ ಒಂದು ರೇಡಿಯೊ ಎಷ್ಟು ದಿನ ಓಡುತ್ತೆ ಅಂತ ಯೋಚಿಸಿ ನೋಡಿ.

2002ರ ಏಪ್ರಿಲ್‌ನಲ್ಲಿ ಜಾಫ್ನಾದವರೆಗೂ ರಸ್ತೆ ತೆರೆಯಿತು. ವರ್ಷಗಟ್ಟಲೆ ಮುಖ ನೋಡದ ಬಂಧುಗಳು ಭೇಟಿಯಾದರು. ದಕ್ಷಿಣದ ಸಿಂಹಳ ಬೌದ್ಧರು ಬಸ್ಸು ಮಾಡಿಕೊಂಡು ಜಾಫ್ನಾದ ಆಚೆಯ ನಾಗದೀಪ ಯಾತ್ರೆಗೆ ಬಂದರು. ಊರು ಬಿಟ್ಟು ಹೋಗಿದ್ದವರು ನೆಲಬಾಂಬಿನ ಎಚ್ಚರಿಕೆ ಫಲಕಗಳ ನಡುವೆಯೇ ತಮ್ಮ ಮನೆ ಹುಡುಕಿಕೊಂಡು ಹೊರಟರು. ದೊಡ್ಡ ಯುದ್ಧವಿಲ್ಲದೆ ಮುಂದಿನ ಸುಮಾರು ನಾಲ್ಕು ವರ್ಷ ಕಳೆಯಿತು. ಆ ಸಮಯದಲ್ಲಿ ಸಾಯದೆ ಉಳಿದ ಸಾವಿರಾರು ಜನರ ಹೆಸರು ಯಾವ ಪಟ್ಟಿಯಲ್ಲೂ ಇರಲ್ಲ. ‘ಆ ಕದನ ವಿರಾಮ ವೇಸ್ಟ್’ ಅನ್ನುವ ಮೊದಲು ಇದನ್ನು ನೆನಪಿಡಬೇಕು.

ಎಲ್ಲರಿಗೂ ಒಂದೇ ಅನುಮಾನ ಇರಲಿಲ್ಲ

ಹಂಗಂತ ಜನ ಸಂಭ್ರಮದಲ್ಲಿ ಮೈಮರೆತಿರಲಿಲ್ಲ. ಗಮನಿಸಬೇಕಾದ ವಿಷಯ ಏನು ಅಂದ್ರೆ, ಒಬ್ಬೊಬ್ಬರ ಅನುಮಾನ ಒಂದೊಂದು ಥರ ಇತ್ತು.

ಸಿಂಹಳ ಬಹುಸಂಖ್ಯಾತರಲ್ಲಿ ಹಲವರಿಗೆ ಕಾಡಿದ್ದು: ಈ ಸಮಯ ಬಳಸಿಕೊಂಡು ಎಲ್‌ಟಿಟಿಇ ಮತ್ತೆ ಶಸ್ತ್ರ ಕೂಡಿಸಿಕೊಳ್ಳುತ್ತಿದೆಯಾ? ಒಪ್ಪಂದದಲ್ಲಿ ಎಲ್‌ಟಿಟಿಇ ಶಸ್ತ್ರ ಒಪ್ಪಿಸಬೇಕು ಅನ್ನೋ ಮಾತೇ ಇರಲಿಲ್ಲ.

ಜಾಫ್ನಾದ ತಮಿಳರಿಗೆ: ಸೇನೆ ನಮ್ಮ ಮನೆ, ಹೊಲ ಬಿಟ್ಟು ಹೋಗೋದು ಯಾವಾಗ? ‘ಅತಿ ಭದ್ರತಾ ವಲಯ’ ಅಂತ ಬೇಲಿ ಹಾಕಿದ್ದ ಜಾಗದಲ್ಲಿ ಸಾವಿರಾರು ಕುಟುಂಬಗಳ ಜಮೀನು ಸಿಕ್ಕಿಕೊಂಡಿತ್ತು. ಶಾಲೆ, ದೇವಸ್ಥಾನಗಳನ್ನು ಸೇನೆ ತೆರವು ಮಾಡಬೇಕು ಅಂತ ಒಪ್ಪಂದ ಹೇಳಿತ್ತು. ವಲಯಗಳು ಮಾತ್ರ ಹೆಚ್ಚುಕಡಿಮೆ ಹಾಗೇ ಉಳಿದವು.

ಅದೇ ತಮಿಳರಿಗೆ ಜೋರಾಗಿ ಹೇಳೋಕಾಗದ ಇನ್ನೊಂದು ಭಯವೂ ಇತ್ತು. ಎಲ್‌ಟಿಟಿಇ ಎ-9ರಲ್ಲಿ ಸಾಗುವ ಸರಕಿಗೆ ತೆರಿಗೆ ಹಾಕುತ್ತಿತ್ತು, ಭಿನ್ನಮತ ಹೇಳಿದವರನ್ನು ಕೊಲ್ಲುತ್ತಿತ್ತು, ಮಕ್ಕಳನ್ನು ಪಡೆಗೆ ಎಳೆದೊಯ್ಯುತ್ತಿತ್ತು. ಯುನಿಸೆಫ್ ಇಂಥ ಸಾವಿರಾರು ಮಕ್ಕಳ ಪ್ರಕರಣ ದಾಖಲಿಸಿತು. ಜಾಫ್ನಾ ವಿಶ್ವವಿದ್ಯಾಲಯದ ಅಧ್ಯಾಪಕರು ಕಟ್ಟಿದ ಮಾನವ ಹಕ್ಕು ಸಂಘಟನೆ ಎರಡೂ ಕಡೆಯ ತಪ್ಪುಗಳನ್ನು ಬರೆದಿಡುತ್ತಲೇ ಇತ್ತು. ಅದರ ಸ್ಥಾಪಕರಲ್ಲಿ ಒಬ್ಬರಾದ, ವೈದ್ಯಕೀಯ ಕಾಲೇಜಿನ ಅಧ್ಯಾಪಕಿ ರಜನಿ ತಿರಣಗಾಮ ಅವರನ್ನು 1989ರಲ್ಲೇ ಗುಂಡಿಟ್ಟು ಕೊಲ್ಲಲಾಗಿತ್ತು.

ಉತ್ತರದ ಮುಸ್ಲಿಮರಿಗೆ: ಈ ಶಾಂತಿಯಲ್ಲಿ ನಮ್ಮ ಜಾಗ ಎಲ್ಲಿ? 1990ರ ಅಕ್ಟೋಬರ್‌ನಲ್ಲಿ ಎಲ್‌ಟಿಟಿಇ ಉತ್ತರ ಪ್ರಾಂತ್ಯದ ಸುಮಾರು 70,000 ಮುಸ್ಲಿಮರನ್ನು ಹೊರಗಟ್ಟಿತ್ತು. ಜಾಫ್ನಾ ಪಟ್ಟಣದವರಿಗೆ ಸಿಕ್ಕ ಗಡುವು ಎರಡು ಗಂಟೆ. ಪುತ್ತಳಂ ಕಡೆಯ ಶಿಬಿರಗಳಲ್ಲಿ 12 ವರ್ಷ ಕಳೆದಿದ್ದ ಅವರಿಗೆ ಮಾತುಕತೆಯ ಮೇಜಿನಲ್ಲಿ ಪ್ರತ್ಯೇಕ ಕುರ್ಚಿ ಸಿಗಲಿಲ್ಲ. ಸಹಿ ಹಾಕಿದವರು ಇಬ್ಬರೇ, ಬದುಕಬೇಕಾದವರು ಎಲ್ಲರೂ.

ಸೆನ್ಸರ್ ಇತ್ತು, ಕಂಟ್ರೋಲರ್ ಇರಲಿಲ್ಲ

ಅನುಮಾನಗಳನ್ನು ಪರೀಕ್ಷಿಸೋಕೆ ಒಂದು ವ್ಯವಸ್ಥೆಯೂ ಇತ್ತು: ಶ್ರೀಲಂಕಾ ಮಾನಿಟರಿಂಗ್ ಮಿಷನ್. ನಾರ್ವೆ, ಸ್ವೀಡನ್, ಫಿನ್ಲೆಂಡ್, ಡೆನ್ಮಾರ್ಕ್, ಐಸ್‌ಲ್ಯಾಂಡ್ ದೇಶಗಳ ವೀಕ್ಷಕರು. ಯಾರ ಕೈಲೂ ಶಸ್ತ್ರ ಇಲ್ಲ. ದೂರು ಬಂದರೆ ಹೋಗಿ ನೋಡೋದು, ಉಲ್ಲಂಘನೆ ಹೌದೋ ಅಲ್ಲವೋ ತೀರ್ಮಾನಿಸೋದು, ಎರಡೂ ಕಡೆಗೆ ತಿಳಿಸೋದು. 2007ರ ಹೊತ್ತಿಗೆ ಅವರ ಲೆಕ್ಕದಲ್ಲಿ ಎಲ್‌ಟಿಟಿಇ ಕಡೆಯಿಂದ 3,800ಕ್ಕೂ ಹೆಚ್ಚು, ಸರ್ಕಾರದ ಕಡೆಯಿಂದ ಸುಮಾರು 350 ಉಲ್ಲಂಘನೆಗಳಿದ್ದವು.

ಅಳೆದ ಮೇಲೆ ಏನು? ಇಲ್ಲೇ ಸಮಸ್ಯೆ. ಕಂಟ್ರೋಲ್ ಸಿಸ್ಟಮ್ಸ್ ಓದಿದವರಿಗೆ ತಕ್ಷಣ ಹೊಳೆಯುತ್ತೆ: ಸೆನ್ಸರ್ ರೀಡಿಂಗ್ ಬರುತ್ತಿದೆ, ಆದರೆ ಆ ಎರರ್ ತಗೊಂಡು ಸಿಸ್ಟಮನ್ನು ಸರಿಪಡಿಸುವ ಭಾಗ ಇಲ್ಲ. ಲೂಪ್ ಓಪನ್. ಉಲ್ಲಂಘನೆ ಮಾಡಿದವರು ಏನೂ ಕಳೆದುಕೊಳ್ಳಲಿಲ್ಲ, ಪಾಲಿಸಿದವರಿಗೆ ಏನೂ ಸಿಗಲಿಲ್ಲ. ಪ್ರತಿ ವರದಿಯೂ ಜನರ ಅನುಮಾನವನ್ನು ಖಚಿತ ಮಾಡುತ್ತಿತ್ತೇ ಹೊರತು ಕರಗಿಸುತ್ತಿರಲಿಲ್ಲ.

ಮುಂದಿನದು ಜಾರುಬಂಡೆ. 2003ರ ಏಪ್ರಿಲ್‌ನಲ್ಲಿ ಎಲ್‌ಟಿಟಿಇ ಮಾತುಕತೆಯಿಂದ ಹೊರನಡೆಯಿತು. 2004ರಲ್ಲಿ ಅದರ ಪೂರ್ವ ಭಾಗದ ನಾಯಕ ಕರುಣಾ ಬೇರೆಯಾದ. 2005ರ ಆಗಸ್ಟ್‌ನಲ್ಲಿ ವಿದೇಶಾಂಗ ಸಚಿವ ಲಕ್ಷ್ಮಣ್ ಕದಿರ್‌ಗಾಮರ್ ಅವರ ಹತ್ಯೆಯಾಯಿತು. ನವೆಂಬರ್‌ನ ಅಧ್ಯಕ್ಷೀಯ ಚುನಾವಣೆಯಲ್ಲಿ ತಮಿಳರು ಮತ ಹಾಕದಂತೆ ಎಲ್‌ಟಿಟಿಇ ನೋಡಿಕೊಂಡಿತು. ಜಾಫ್ನಾ ಜಿಲ್ಲೆಯಲ್ಲಿ ಶೇ 2ರಷ್ಟೂ ಮತದಾನ ಆಗಲಿಲ್ಲ. ಕಠಿಣ ನಿಲುವಿನ ಮಹಿಂದ ರಾಜಪಕ್ಸ ಎರಡು ಲಕ್ಷಕ್ಕಿಂತ ಕಡಿಮೆ ಮತಗಳ ಅಂತರದಲ್ಲಿ ಗೆದ್ದರು.

2006ರ ಜನವರಿ 2ರಂದು ತ್ರಿಂಕೋಮಲೆಯ ಕಡಲತೀರದಲ್ಲಿ ಸಂಜೆ ಕೂತಿದ್ದ ಐವರು ತಮಿಳು ವಿದ್ಯಾರ್ಥಿಗಳನ್ನು ಗುಂಡಿಟ್ಟು ಕೊಲ್ಲಲಾಯಿತು. ಹೆಚ್ಚುಕಡಿಮೆ ನಮ್ಮದೇ ವಯಸ್ಸು. ಆರೋಪಿಗಳಾಗಿದ್ದ ಭದ್ರತಾ ಸಿಬ್ಬಂದಿ ಸಾಕ್ಷ್ಯದ ಕೊರತೆಯಿಂದ 2019ರಲ್ಲಿ ಖುಲಾಸೆಯಾದರು. ಅದೇ 2006ರ ಜೂನ್‌ನಲ್ಲಿ ಕೆಬಿತಿಗೊಲ್ಲಾವ ಬಳಿ ನೆಲಬಾಂಬಿಗೆ ಸಿಕ್ಕಿದ ಬಸ್ಸಿನಲ್ಲಿ ಮಕ್ಕಳೂ ಸೇರಿ 60ಕ್ಕೂ ಹೆಚ್ಚು ಸಿಂಹಳ ಪ್ರಯಾಣಿಕರು ಸತ್ತರು. ದಾಳಿಯ ಆರೋಪ ಎಲ್‌ಟಿಟಿಇ ಮೇಲೆ ಬಂತು. ಕಾಗದದ ಮೇಲೆ ಆಗಲೂ ಕದನ ವಿರಾಮ ಜಾರಿಯಲ್ಲೇ ಇತ್ತು!

ಆ ವರ್ಷ ಯುರೋಪಿಯನ್ ಒಕ್ಕೂಟ ಎಲ್‌ಟಿಟಿಇಯನ್ನು ಭಯೋತ್ಪಾದಕರ ಪಟ್ಟಿಗೆ ಸೇರಿಸಿತು. ಒಕ್ಕೂಟದ ಸದಸ್ಯ ದೇಶಗಳ ವೀಕ್ಷಕರು ಬೇಡ ಅಂತ ಎಲ್‌ಟಿಟಿಇ ಹಟ ಹಿಡಿಯಿತು. ಉಳಿದದ್ದು ನಾರ್ವೆ, ಐಸ್‌ಲ್ಯಾಂಡ್ ಮಾತ್ರ. ಇದ್ದ ಸೆನ್ಸರನ್ನೂ ಅರ್ಧ ಕಿತ್ತ ಹಾಗಾಯಿತು. ಆಗಸ್ಟ್‌ನಲ್ಲಿ ಎ-9 ಮತ್ತೆ ಮುಚ್ಚಿತು. ಒಪ್ಪಂದದಲ್ಲಿ ‘14 ದಿನದ ನೋಟಿಸ್ ಕೊಟ್ಟು ಹೊರಬರಬಹುದು’ ಅನ್ನೋ ಷರತ್ತಿತ್ತು. 2008ರ ಜನವರಿ 2ರಂದು ಸರ್ಕಾರ ನೋಟಿಸ್ ಕೊಟ್ಟಿತು, 16ಕ್ಕೆ ಒಪ್ಪಂದ ಮುಗಿಯಿತು. 2009ರ ಮೇ ತಿಂಗಳಲ್ಲಿ ಮುಗಿದ ಯುದ್ಧದ ಕೊನೆಯ ಹಂತದಲ್ಲಿ 40,000ದವರೆಗೆ ನಾಗರಿಕರು ಸತ್ತಿರಬಹುದು ಎಂದು ವಿಶ್ವಸಂಸ್ಥೆಯ ತಜ್ಞರ ಸಮಿತಿ 2011ರಲ್ಲಿ ಹೇಳಿತು. ಶ್ರೀಲಂಕಾ ಸರ್ಕಾರ ಅದನ್ನು ಒಪ್ಪಲಿಲ್ಲ. ನಾಪತ್ತೆಯಾದ ಮಕ್ಕಳಿಗಾಗಿ 2017ರಿಂದ ಕಿಳಿನೊಚ್ಚಿಯಲ್ಲಿ ತಾಯಂದಿರು ರಸ್ತೆಬದಿ ಧರಣಿ ಕೂತರು.

ಅದೇ ಸುನಾಮಿ, ಬೇರೆ ಫಲಿತಾಂಶ

ಇದು ಹಣೆಬರಹವಾ? ಅಲ್ಲ ಅನ್ನೋಕೆ ಪಕ್ಕದಲ್ಲೇ ಒಂದು ಉದಾಹರಣೆ ಇದೆ. 2004ರ ಡಿಸೆಂಬರ್ 26ರ ಸುನಾಮಿ ಶ್ರೀಲಂಕಾದಲ್ಲಿ 30,000ಕ್ಕೂ ಹೆಚ್ಚು ಜನರನ್ನು ಕೊಂದಿತು. ಪರಿಹಾರ ಹಂಚಲು ಸರ್ಕಾರ ಮತ್ತು ಎಲ್‌ಟಿಟಿಇ ಮಾಡಿಕೊಂಡ ಜಂಟಿ ವ್ಯವಸ್ಥೆ ಸುಪ್ರೀಂ ಕೋರ್ಟಿನಲ್ಲಿ ಸಿಕ್ಕಿಬಿತ್ತು. ಅದೇ ಸುನಾಮಿ ಇಂಡೊನೇಷ್ಯಾದ ಆಚೆ ಪ್ರಾಂತ್ಯವನ್ನು ಇನ್ನೂ ಭೀಕರವಾಗಿ ಹೊಡೆಯಿತು. ಅಲ್ಲೂ ಸುಮಾರು 30 ವರ್ಷದ ಬಂಡಾಯ. ಅಲ್ಲೂ ಒಂದು ಕದನ ವಿರಾಮ 2003ರಲ್ಲಿ ಮುರಿದಿತ್ತು. ಅಲ್ಲಿನ ಜನರಿಗೂ ನಂಬಿಕೆ ಇರಲಿಲ್ಲ.

ಆದರೆ 2005ರ ಆಗಸ್ಟ್ 15ರ ಹೆಲ್ಸಿಂಕಿ ಒಪ್ಪಂದ ಆ ಅಪನಂಬಿಕೆಯನ್ನೇ ಲೆಕ್ಕಕ್ಕೆ ತಗೊಂಡಿತು. ಬಂಡುಕೋರರು 840 ಶಸ್ತ್ರ ಒಪ್ಪಿಸಬೇಕು, ಒಟ್ಟು ನಾಲ್ಕು ಕಂತಿನಲ್ಲಿ. ಸರಿಸಮವಾಗಿ ಹೊರಗಿನಿಂದ ತಂದಿದ್ದ ಸೇನೆ, ಪೊಲೀಸ್ ಪಡೆ ನಾಲ್ಕು ಕಂತಿನಲ್ಲಿ ವಾಪಸ್. ಯುರೋಪಿಯನ್ ಒಕ್ಕೂಟ ಮತ್ತು ಆಸಿಯಾನ್ ದೇಶಗಳ ವೀಕ್ಷಕರು ಪ್ರತಿ ಕಂತನ್ನೂ ಎಣಿಸಿದರು. ನೀನೊಂದು ಹೆಜ್ಜೆ, ನಾನೊಂದು ಹೆಜ್ಜೆ, ಪ್ರತಿ ಹೆಜ್ಜೆಗೂ ಅಕ್ನಾಲೆಜ್‌ಮೆಂಟ್. ನೆಟ್‌ವರ್ಕ್ಸ್ ಕ್ಲಾಸಿನ ಹ್ಯಾಂಡ್‌ಶೇಕ್ ನೆನಪಾಯ್ತಾ? ಡಿಸೆಂಬರ್‌ಗೆ ಕೆಲಸ ಮುಗಿಯಿತು. ಮುಂದಿನ ವರ್ಷದ ಚುನಾವಣೆಯಲ್ಲಿ ಬಂಡಾಯದ ಮಾಜಿ ಸದಸ್ಯ ಇರ್ವಾಂಡಿ ಯೂಸುಫ್ ಗವರ್ನರ್ ಆಗಿ ಆಯ್ಕೆಯಾದರು.

ಎರಡನ್ನೂ ಒಂದೇ ತಕ್ಕಡಿಗೆ ಹಾಕೋದು ಸರಿಯಲ್ಲ, ಒಪ್ಪುತ್ತೇವೆ. ಆಚೆಯ ಬಂಡುಕೋರರು ಪ್ರತ್ಯೇಕ ದೇಶದ ಬೇಡಿಕೆ ಬಿಟ್ಟರು, ಸರ್ಕಾರ ಸ್ವಾಯತ್ತತೆ ಕೊಡಲು ಒಪ್ಪಿತು. ಅಂದ್ರೆ ರಾಜಕೀಯ ಪರಿಹಾರ ಅದೇ ಕಾಗದದಲ್ಲಿತ್ತು. ಶ್ರೀಲಂಕಾದಲ್ಲಿ ಮೊದಲು ಗುಂಡು ನಿಲ್ಲಲಿ, ಉಳಿದದ್ದು ಆಮೇಲೆ ಅಂದರು. ಆ ‘ಆಮೇಲೆ’ ಬರಲೇ ಇಲ್ಲ.

ಕೊನೆಗೆ

ಇಷ್ಟೆಲ್ಲಾ ಓದಿದ ಮೇಲೆ ನಮಗೆ ಅನ್ನಿಸಿದ್ದು ಇಷ್ಟು: ಜನರ ಅನುಮಾನವನ್ನು ಶಾಂತಿಯ ಶತ್ರು ಅಂತ ನೋಡೋದು ತಪ್ಪು. ಅದು ಒಪ್ಪಂದಕ್ಕೆ ಜನ ಬರೆದುಕೊಟ್ಟ ಟೆಸ್ಟ್ ಕೇಸ್‌ಗಳ ಪಟ್ಟಿ. ಅವುಗಳಿಗೆ ಉತ್ತರ ಹುಡುಕಿದ ಒಪ್ಪಂದ ಬಾಳುತ್ತೆ. ‘ಸ್ವಲ್ಪ ನಂಬಿ’ ಅಂತ ಮಾತ್ರ ಹೇಳಿದ ಒಪ್ಪಂದ ಸಮಯ ಕೊಂಡುಕೊಳ್ಳುತ್ತೆ ಅಷ್ಟೆ. ಆ ಸಮಯವೂ ಸಣ್ಣದಲ್ಲ, ಅದರಲ್ಲಿ ಜೀವಗಳಿವೆ.

ಹಾಗಾಗಿ ಮುಂದಿನ ಸಲ ಅಂಥ ನೋಟಿಫಿಕೇಷನ್ ಬಂದಾಗ ‘ಮುಗೀತು’, ‘ಮುಗಿಯಲ್ಲ’ ಅಂತ ಜಗಳ ಆಡೋ ಬದಲು ನಾಲ್ಕು ಪ್ರಶ್ನೆ ಕೇಳೋಣ. ಉಲ್ಲಂಘನೆ ಯಾರು ಎಣಿಸುತ್ತಾರೆ? ಎಣಿಸಿದ ಮೇಲೆ ಏನಾಗುತ್ತೆ? ಸಹಿ ಹಾಕದ ಯಾರ ಬದುಕು ಇದರ ಮೇಲೆ ನಿಂತಿದೆ? ಮುಚ್ಚಿದ್ದ ಯಾವ ರಸ್ತೆ ತೆರೆಯಿತು? ಕೊನೆಯದನ್ನು ಮರೆಯೋದು ಬೇಡ. ಎ-9ರ ಬಸ್ಸಿನಲ್ಲಿ ಮೊದಲ ಸಲ ಜಾಫ್ನಾಕ್ಕೆ ಹೋದವರಿಗೂ ಅನುಮಾನ ಇದ್ದೇ ಇತ್ತು. ಆದರೂ ಅವರು ಬಸ್ಸು ಹತ್ತಿದರು.