ಯುದ್ಧಾಂತರ ಕಾಲದ ಮುಂಬಯಿ: ಸಾಂಕ್ರಾಮಿಕ ರೋಗಗಳ ಎಣಿಕೆ

ಎರಡು ಮಹಾಯುದ್ಧಗಳ ನಡುವಣ ಮುಂಬಯಿ ಕನ್ನಡಿಗರ ಬದುಕನ್ನು ಅಭ್ಯಸಿಸುವವರು ನಗರಪಾಲಿಕೆಯ ಆರೋಗ್ಯ ವರದಿಗಳನ್ನು ಆಶ್ರಯಿಸುವುದು ಸಹಜ. ಆದರೆ ಆ ಅಂಕಿಗಳು ಹುಟ್ಟಿದ ಬಗೆಯನ್ನು ಅರಿಯದೆ ಅವನ್ನು ಬಳಸಲಾಗದೆಂಬುದು ನಮ್ಮ ಅಭಿಪ್ರಾಯ.

ಅಪಾಯಕಾರಿ ರೋಗವನ್ನು ಕಂಡ ವೈದ್ಯರು ಪಾಲಿಕೆಗೆ ತಿಳಿಸಬೇಕೆಂದು 1888ರ ಮುನಿಸಿಪಲ್ ಕಾಯಿದೆಯು ವಿಧಿಸಿತ್ತು. ಆದರೆ 1896ರಲ್ಲಿ ತೊಡಗಿದ ಪ್ಲೇಗಿನ ದಿನಗಳ ಮನೆ ಶೋಧನೆ, ಬಲವಂತದ ಆಸ್ಪತ್ರೆವಾಸಗಳಿಂದ ಬೆದರಿದ ಜನ ರೋಗಿಗಳನ್ನು ಮರೆಮಾಚಿದರು. ರೋಗಿಯನ್ನು ಬಚ್ಚಿಡಬಹುದು, ಶವವನ್ನು ಬಚ್ಚಿಡುವುದು ಕಷ್ಟ. ಆದುದರಿಂದ, ಕಾರಣ ತಪ್ಪಾಗಿ ನಮೂದಾಗಿದ್ದರೂ, ಮರಣಗಳ ಸಂಖ್ಯೆಯೇ ಹೆಚ್ಚು ನಂಬಲರ್ಹ. ಈ ಅವಧಿಯ ಹೊಸ್ತಿಲಲ್ಲಿ ಬಂದ ಇನ್‌ಫ್ಲುಯೆಂಜಾದಲ್ಲಿ, 1918ರ ಅಕ್ಟೋಬರ್ 6ರಂದು, 768 ಸಾವುಗಳು ದಾಖಲಾದವು. ಹಾಸಿಗೆ ಹಿಡಿದು ಚೇತರಿಸಿಕೊಂಡವರ ಲೆಕ್ಕ ಹಾಗೆ ದೊರೆಯದು.

ಎರಡನೆಯ ತೊಡಕು ಗಡಿಯದು. ಪಾಲಿಕೆಯ ಎಲ್ಲೆ ಅಂದು ಮಾಹಿಮ್, ಸಯನ್‌ಗಳಲ್ಲಿ ಮುಗಿಯುತ್ತಿತ್ತು. ಬಾಂದ್ರಾ, ಕುರ್ಲಾಗಳು 1920ರಲ್ಲಿ ರೂಪುಗೊಂಡ ಉಪನಗರ ಜಿಲ್ಲೆಗೆ ಸೇರಿದ್ದವು. ಅವು ನಗರದಲ್ಲಿ ವಿಲೀನವಾದುದು 1950ರಲ್ಲಿ.

ಮೂರನೆಯದು ವಲಸೆಯದು. ಜ್ವರ ಹಿಡಿದು ದಕ್ಷಿಣ ಕನ್ನಡದ ತನ್ನ ಊರಿಗೆ ಮರಳಿ ಅಲ್ಲಿಯೇ ತೀರಿಕೊಂಡ ಹೋಟೆಲ್ ಕಾರ್ಮಿಕನ ಸಾವು ಮದರಾಸು ಪ್ರಾಂತ್ಯದ ಲೆಕ್ಕಕ್ಕೆ ಸೇರುತ್ತಿತ್ತು. ಧಾರವಾಡದವನದು ಆ ಜಿಲ್ಲೆಯ ಲೆಕ್ಕಕ್ಕೆ. ಮುಂಬಯಿಯ ವರದಿಯನ್ನಷ್ಟೇ ಓದಿದರೆ ಅವರಿಬ್ಬರೂ ನಿರೋಗಿಗಳಾಗಿಯೇ ಉಳಿಯುತ್ತಾರೆ. ಎಂತಲೇ ನಗರದ ದಾಖಲೆಗಳನ್ನು ತವರು ಜಿಲ್ಲೆಗಳ ದಾಖಲೆಗಳೊಡನೆ ಹೋಲಿಸಿ ಓದಬೇಕೆಂದು ನಾವು ಸೂಚಿಸುತ್ತೇವೆ.